ತಿಂಡಿ-ತೀರ್ಥ ಕೇಳುವ ನಾಯಿಮರಿ: ಮಕ್ಕಳ ಪುಸ್ತಕದ ಪ್ರಾಣಿಗಳು ನಗಿಸುವುದು ಹೇಗೆ?

ಮಕ್ಕಳ ಸಾಹಿತ್ಯ ಓದುವಾಗ ಪ್ರಾಣಿ ಪಾತ್ರಗಳ ಬಗ್ಗೆ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವ ಉತ್ತರ ಒಂದೇ. ಪ್ರಾಣಿಗಳು ಮನುಷ್ಯರ ಹಾಗೆ ಮಾತಾಡುತ್ತವೆ, ಅದಕ್ಕೆ ಮಕ್ಕಳಿಗೆ ನಗು ಬರುತ್ತದೆ. ಇದು ಅರ್ಧ ಉತ್ತರ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಮಾತಾಡುತ್ತಾಳೆ, ಹುಲಿಯೂ ಮಾತಾಡುತ್ತದೆ, ಆದರೆ ಅಲ್ಲಿ ಮಗು ಅಳುತ್ತದೆ ಅಲ್ವಾ? ಪ್ರಾಣಿ ಮನುಷ್ಯರ ಹಾಗೆ ಆಡುತ್ತಾ ಆಡುತ್ತಾ ತನ್ನ ಹುಟ್ಟುಗುಣವನ್ನೂ ಬಿಡದೆ ಇದ್ದಾಗ ನಗು ಹುಟ್ಟುತ್ತದೆ. ಈ ಒಂದು ಮಾತು ಹಿಡಿದುಕೊಂಡು ನಮಗೆಲ್ಲ ಗೊತ್ತಿರುವ ಹಾಡು-ಕತೆಗಳನ್ನು ನೋಡೋಣ.

ಮೊದಲು ಜಿ. ಪಿ. ರಾಜರತ್ನಂ ಅವರ ನಾಯಿಮರಿ. ತಿಂಡಿ ಬೇಕೆ ಅಂತ ಕೇಳಿದರೆ ಅದು ಏನನ್ನುತ್ತದೆ? ‘ತಿಂಡಿ ಬೇಕು, ತೀರ್ಥ ಬೇಕು, ಎಲ್ಲಾ ಬೇಕು.’ ಆ ‘ತೀರ್ಥ’ದ ಮೇಲೆ ಬೆರಳಿಡಿ. ಮನೆಗೆ ಬಂದ ನೆಂಟರನ್ನು ನಾವು ‘ತಿಂಡಿ-ತೀರ್ಥ ಆಯ್ತಾ?’ ಅಂತ ವಿಚಾರಿಸುತ್ತೇವೆ. ಆ ಜೋಡಿಪದವನ್ನು ಎತ್ತಿಕೊಂಡು ಮರಿ ತಾನೂ ನೆಂಟನ ಹಾಗೆ ಪಟ್ಟಾಗಿ ಕೂರುತ್ತದೆ. ಆದರೆ ಕಳ್ಳ ಬಂದರೆ ಏನು ಮಾಡ್ತೀಯ ಅಂದಾಗ ಅದರ ಬಾಯಿಂದ ಬರುವುದು ‘ಲೊಳ್ ಲೊಳ್ ಬೌ’. ನೆಂಟ ಹೋಗಿ ನಾಯಿ ಬಂತು! ಮಕ್ಕಳು ಜೋರಾಗಿ ಕೂಗುವುದು ಇಲ್ಲೇ. ಸದ್ದನ್ನು ಅನುಕರಿಸುವ ಪದಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡ್ತೀವಲ್ಲ, ಅದು ನಿಜವಾಗಿ ಕೆಲಸ ಮಾಡುವುದನ್ನು ನೋಡಬೇಕೆಂದರೆ ಈ ಸಾಲು ಸಾಕು.

ಇನ್ನೊಂದು, ಕನ್ನಡದಲ್ಲಿ ಪ್ರಾಣಿಗಳಿಗೆ ನಾವು ಸಂಬಂಧ ಕಟ್ಟುತ್ತೇವೆ. ಕಾಗಕ್ಕ, ಗುಬ್ಬಕ್ಕ, ನರಿಯಣ್ಣ. ನನಗೆ ತುಂಬಾ ಇಷ್ಟವಾದ ವಿಷಯ ಇದು. ಒಂದು ‘ಅಕ್ಕ’ ಸೇರಿಸಿದ ಕೂಡಲೇ ಕಾಗೆಗೆ ಒಂದು ಮನೆ ಬಂತು, ಜಗುಲಿ ಬಂತು, ಪಕ್ಕದ ಮನೆಯವಳ ಜೊತೆ ಒಂದು ಸಣ್ಣ ಜಗಳವೂ ಬಂತು. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನದು ಕಲ್ಲಿನದು. ಮಳೆಗೆ ಸಗಣಿ ಮನೆ ಕರಗಿತು. ಕಾಗಕ್ಕ ನೆನೆಯುತ್ತಾ ಬಂದು ಬಾಗಿಲು ತಟ್ಟಿದರೆ ಒಳಗಿಂದ, ‘ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ’. ಮತ್ತೆ ತಟ್ಟಿದರೆ, ‘ತಾಳು, ಮಗೂಗೆ ಊಟ ಮಾಡಿಸ್ತಿದೀನಿ’. ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಮೂರನೇ ಸಲ ತಟ್ಟುವ ಹೊತ್ತಿಗೆ ಗುಬ್ಬಕ್ಕನ ನೆಪವನ್ನು ಅವಳೇ ಹೇಳಲು ಶುರು ಮಾಡಿದಳು: ‘ತಾಳು, ಮಗೂಗೆ ಜಡೆ ಹಾಕ್ತಿದೀನಿ!’ ಗುಬ್ಬಿಮರಿಗೆ ಜಡೆ! ಅವಳಿಗೆ ಕತೆಯ ಕೀಲು ಸಿಕ್ಕಿಬಿಟ್ಟಿತ್ತು. ಮುಂದೆ ಏನು ಬರುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತಾಗಿ, ಅದು ಬರಲಿ ಅಂತ ಕಾಯುವ ಖುಷಿ ಇದೆಯಲ್ಲ, ಮಕ್ಕಳ ಹಾಸ್ಯದಲ್ಲಿ ಮರುಕಳಿಕೆಗೆ ಇಷ್ಟು ಜಾಗ ಇರುವುದು ಅದರಿಂದಲೇ.

ಪಂಜೆ ಮಂಗೇಶರಾಯರು (1874–1937) ಹಾವನ್ನೂ ‘ಎಲೆ ನಾಗಣ್ಣ’ ಅಂತ ಕರೆದರು. ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಮಕ್ಕಳ ನಡುವೆಯೇ ಓಡಾಡಿದವರು ಅವರು. ಹಾವಿನ ಹಾಡಿನಲ್ಲಿ ಮೊದಲು ಕೈ ಮುಗಿದು, ಹಾಲು ಕೊಡ್ತೀನಿ ಅಂತ ಹೇಳಿ ‘ಬಾ ಬಾ ಬಾ ಬಾ’ ಅಂತ ಕರೆಯುವ ದನಿಯೇ ಕೊನೆಗೆ ‘ಪೋ ಪೋ ಪೋ ಪೋ’ ಅನ್ನುತ್ತದೆ. ನಡುವೆ ಏನಾಯಿತು? ಅಣ್ಣ ಅಂದರೂ ಅದು ಹಾವೇ ಅನ್ನೋದು ನೆನಪಾಯಿತು, ಅಷ್ಟೇ. ಭಯವೂ ನಗುವೂ ಒಟ್ಟಿಗೆ ಕೂತಿವೆ.

ಪಂಚತಂತ್ರ ಬೇರೆ ದಾರಿ. ಕನ್ನಡದಲ್ಲಿ ಕವಿ ದುರ್ಗಸಿಂಹ ಅದನ್ನು ಬರೆದದ್ದು ಸುಮಾರು 1031ರಲ್ಲಿ, ಅದೂ ದೊಡ್ಡವರಿಗೆ. ಕೋಲು ಕಚ್ಚಿಕೊಂಡು ಹಾರುವ ಆಮೆ ಬಾಯಿ ಬಿಟ್ಟು ಬೀಳುವಾಗ ಮಕ್ಕಳು ನಗುತ್ತಾರೆ, ನಿಜ, ಆದರೆ ಅದರ ಹಿಂದೆಯೇ ನೀತಿ ಬಂದು ನಗುವನ್ನು ಮುಚ್ಚಿಬಿಡುತ್ತದೆ. ಚಿಕ್ಕವರಿಗೆ ಓದುವಾಗ ನೀತಿಯ ಸಾಲನ್ನು ಬಿಟ್ಟೇ ಓದಿ ಅಂತ ನಾನು ಹೇಳುತ್ತೇನೆ. ಹಾಗೇ ಆನೆ ದಪ್ಪ, ಕತ್ತೆ ದಡ್ಡ ಅಂತ ಬರೀ ಮೈಯನ್ನೋ ಬುದ್ಧಿಯನ್ನೋ ಆಡಿಕೊಂಡು ನಗಿಸುವ ಪುಸ್ತಕಗಳು ನನಗೆ ಒಪ್ಪಿಗೆಯಿಲ್ಲ. ತರಗತಿಯಲ್ಲಿ ಆ ನಗು ಕೂಡಲೇ ಯಾವುದಾದರೂ ಒಂದು ಮಗುವಿನ ಕಡೆ ತಿರುಗುತ್ತದೆ.

ಕೊನೆಯದು, ಪಂಜೆಯವರೇ ಬರೆದ ಸಿಗಡಿಯ ಕತೆ. ಕರಾವಳಿಯಲ್ಲಿ ಬಿಸಿಲಿಗೆ ಹರಡಿದ ಸಿಗಡಿ ಒಣಗಿಲ್ಲ. ಯಾಕೆ? ನಾನು ಕೇಳಿದ್ದು ಹೀಗೆ: ಹುಲ್ಲು ಅಡ್ಡ ಬಂತು. ಹುಲ್ಲು ಯಾಕೆ ಅಡ್ಡ? ದನ ಮೇಯಲಿಲ್ಲ. ದನ ಯಾಕೆ ಮೇಯಲಿಲ್ಲ? ಹುಡುಗ ಬಿಡಲಿಲ್ಲ. ಅವನಿಗೆ ಅಜ್ಜಿ ಗಂಜಿ ಕೊಡಲಿಲ್ಲ, ಯಾಕೆಂದರೆ ಮಗು ಅಳುತ್ತಿತ್ತು, ಮಗುವಿಗೆ ಇರುವೆ ಕಚ್ಚಿತು. ಇಷ್ಟು ಜನ ತಪ್ಪನ್ನು ಮುಂದಿನವರ ಮೇಲೆ ದಾಟಿಸಿದ ಮೇಲೆ ಸಿಕ್ಕಿಬೀಳುವುದು ಎಲ್ಲರಿಗಿಂತ ಚಿಕ್ಕದಾದ ಇರುವೆ. ಅದು ಮಾತ್ರ ಯಾರನ್ನೂ ದೂರುವುದಿಲ್ಲ. ‘ನನ್ನ ಗೂಡಿಗೆ ಕೈ ಹಾಕಿದರೆ ಕಚ್ಚದೆ ಬಿಡ್ತೀನಾ?’ ಈ ಸಾಲು ಓದುವಾಗ ಪಕ್ಕದಲ್ಲಿ ಕೂತ ಮಗುವಿನ ಕೈಯನ್ನು ಮೆಲ್ಲಗೆ ಚಿವುಟಿ ನೋಡಿ, ಕಿಲಕಿಲ ನಕ್ಕು ‘ಇನ್ನೊಂದ್ಸಲ’ ಅನ್ನುತ್ತದೆ.