ಅಶೋಕನ ಅಧಿಕಾರಿ ಆನೆ ಏರಿದ ಕಥೆ

ನಿಘಂಟಿನ ಕೆಲಸದಲ್ಲಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ: ಇಂಗ್ಲಿಷಿನ ‘ಮಹೌಟ್’ ನಮ್ಮ ಮಾವುತನಿಂದ ಹೋದದ್ದೇ? ನೇರವಾಗಿ ಅಲ್ಲ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋದದ್ದು ಉತ್ತರ ಭಾರತದ ‘ಮಹಾವತ್’. ಮಾವುತ ಅದರ ದಾಯಾದಿ. ಇಬ್ಬರ ಹಿರಿಯನೂ ಸಂಸ್ಕೃತದ ‘ಮಹಾಮಾತ್ರ’.

ಶಬ್ದ ಸವೆದ ದಾರಿ ಸ್ಪಷ್ಟವಾಗಿದೆ. ಪ್ರಾಕೃತದಲ್ಲಿ ಪುತ್ರ ‘ಪುತ್ತ’ನಾದ ಹಾಗೆ ಇಲ್ಲಿಯ ‘ತ್ರ’ವೂ ‘ತ್ತ’ ಆಯಿತು. ಸ್ವರಗಳ ನಡುವೆ ಸಿಕ್ಕ ‘ಮ’ಕಾರ ‘ವ’ಕಾರವಾಯಿತು, ವೇಣುಗ್ರಾಮ ಬೆಳಗಾವಿ ಆಗುವಾಗಲೂ ನಡೆದದ್ದು ಇದೇ. ಕನ್ನಡದಲ್ಲಿ ‘ಹ’ಕಾರವೂ ಬಿದ್ದುಹೋಯಿತು.

ಸ್ವಾರಸ್ಯ ಇರುವುದು ಅರ್ಥದಲ್ಲಿ. ಮಹಾಮಾತ್ರ ಅಂದರೆ ಉನ್ನತ ರಾಜಾಧಿಕಾರಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ಶುರುವಾಗುವುದೇ ಕುಶಲಪ್ರಶ್ನೆಯಿಂದ: ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಅಲ್ಲಿನ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಅಲ್ಲಿ ಆನೆಯ ಸುಳಿವೇ ಇಲ್ಲ. ಸಂಸ್ಕೃತದ ಹಳೆಯ ನಿಘಂಟು ಅಮರಕೋಶವೂ ಮಹಾಮಾತ್ರನನ್ನು ಪ್ರಧಾನರ ಸಾಲಿನಲ್ಲಿ ಕೂರಿಸಿ, ಆನೆಯವರಿಗೆ ಹಸ್ತಿಪಕ, ಆಧೋರಣ, ನಿಷಾದಿ ಎಂಬ ಬೇರೆ ಹೆಸರುಗಳನ್ನು ಕೊಡುತ್ತದೆ. ಮಹಾಭಾರತದಲ್ಲಾದರೋ ಆನೆ ನಡೆಸುವವನೂ ಮಹಾಮಾತ್ರನೇ.

ಇದನ್ನು ಪದಕ್ಕೆ ಆದ ಹಿಂಬಡ್ತಿ ಎನ್ನುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಆನೆ, ಕುದುರೆಗಳು ಅರಸನ ಸ್ವತ್ತು, ಖಾಸಗಿಯವರು ಸಾಕುವಂತಿಲ್ಲ ಎಂದು ಮೌರ್ಯರ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಹೇಳಿದ್ದನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಉಳಿಸಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಗಳಿಗೆಂದೇ ‘ಹಸ್ತ್ಯಧ್ಯಕ್ಷ’ನಿದ್ದಾನೆ. ಸೈನ್ಯದ ಅಷ್ಟು ದುಬಾರಿ ಆಸ್ತಿಯ ಕುತ್ತಿಗೆಯ ಮೇಲೆ ಕೂತವನಿಗೆ ಸರ್ಕಾರಿ ಪದವಿಯ ಹೆಸರು ಅಂಟಿಕೊಂಡರೆ ಅಚ್ಚರಿಯೇನು?

ಯುರೋಪಿನಲ್ಲಿ ಇದೇ ಕಥೆ ತಿರುಗುಮುರುಗು. ‘ಮಾರ್ಷಲ್’ ಹಳೆಯ ಜರ್ಮಾನಿಕ್ ಭಾಷೆಯಲ್ಲಿ ಕುದುರೆ ನೋಡಿಕೊಳ್ಳುವ ಆಳು; ಈಗ ಫೀಲ್ಡ್ ಮಾರ್ಷಲ್. ಲ್ಯಾಟಿನ್ ಮೂಲದ ‘ಕಾನ್‌ಸ್ಟೇಬಲ್’ ಲಾಯದ ಮೇಲಧಿಕಾರಿ. ಫ್ರಾನ್ಸಿನಲ್ಲಿ ಆತ ಸೇನೆಯ ದಂಡನಾಯಕನಾಗುವ ತನಕ ಏರಿದ. ನಮ್ಮ ಠಾಣೆಗೆ ಬರುವಷ್ಟರಲ್ಲಿ ಪೇದೆ.

ಇನ್ನು, ಮಾವುತನ ಜೊತೆಗೇ ಇದ್ದು ಸೊಪ್ಪು ತಂದು ಆನೆಯ ಮೈ ತಿಕ್ಕುವ ಕಾವಾಡಿ. ಮಾವುತನಿಗೆ ‘ಮಹೌಟ್’ ಎಂದು ಬರೆಯುವ ಇಂಗ್ಲಿಷ್ ಪತ್ರಿಕೆಗಳೂ ದಸರಾ ಸುದ್ದಿಯಲ್ಲಿ ಈ ಸಹಾಯಕನನ್ನು ಕಾವಾಡಿ ಎಂದೇ ಅಚ್ಚುಹಾಕುತ್ತವೆ.