ತಾನೇ ಬರೆದ ಚಿತ್ರಕ್ಕೆ ತಾನೇ ಹೆದರುವುದು

ಒಬ್ಬ ಕಲಾವಿದೆ ಬರೆದ ಮುಖಗಳು ರಾತ್ರಿ ಹೊತ್ತು ಅವಳ ಜೊತೆ ಮಾತಾಡತೊಡಗುತ್ತವೆ, ಕೊನೆಗೆ ಅವಳನ್ನೇ ನುಂಗಿಬಿಡುತ್ತವೆ. ಭಯದ ಕತೆಗಳಲ್ಲಿ ಇದು ಹಳೇ ಸರಕು. ಕೇಳಿದವರಲ್ಲಿ ಕೆಲವರು ಮೈಮೇಲೆ ಏನೋ ಬಂದಿದೆ ಅನ್ನುತ್ತಾರೆ, ಉಳಿದವರು ಪ್ರತಿಭೆ ಜಾಸ್ತಿಯಾದರೆ ತಲೆ ಕೆಡುತ್ತೆ ಅನ್ನುತ್ತಾರೆ. ಎರಡೂ ಸೋಮಾರಿ ಉತ್ತರಗಳೇ. ತಾನೇ ಮಾಡಿದ್ದು ಬೇರೆಯವರದು ಅನ್ನಿಸುವುದಾದರೂ ಹೇಗೆ?

ನಿಮಗೆ ನೀವೇ ಕಚಗುಳಿ ಇಟ್ಟುಕೊಂಡು ನೋಡಿ. ನಗು ಬರಲ್ಲ, ಅಲ್ವಾ? ಕೈಗೆ ಆದೇಶ ಕಳಿಸುವಾಗಲೇ ಮೆದುಳು ಅದರ ಒಂದು ನಕಲನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ಹೊರಗೆ ಹೋಗುವ ಪತ್ರದ ಪ್ರತಿಯನ್ನು ಕಚೇರಿಯವರು ಫೈಲಿಗೆ ಹಾಕಿಕೊಂಡ ಹಾಗೆ. ಸ್ಪರ್ಶದ ಸುದ್ದಿ ಬಂದಾಗ ಆ ನಕಲಿನ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಇದು ನಂದೇ ಅಂತ ತಣ್ಣಗಾಗುತ್ತದೆ.

ಈ ನಕಲಿನ ಇತಿಹಾಸ ಸ್ವಲ್ಪ ಕ್ರೂರವಾದದ್ದು. 1950ರಲ್ಲಿ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಸ್ಟೆಟ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನೊಣದ ತಲೆಯನ್ನು 180 ಡಿಗ್ರಿ ತಿರುಗಿಸಿ ಹಾಗೇ ಅಂಟಿಸಿದ್ದರು. ಈಗ ಎಡಗಣ್ಣು ಬಲಕ್ಕೆ, ಬಲಗಣ್ಣು ಎಡಕ್ಕೆ. ನೊಣ ಒಂದು ಕಡೆ ತಿರುಗಿದರೆ ಕಣ್ಣು ತದ್ವಿರುದ್ಧ ಸುದ್ದಿ ಕೊಡುತ್ತದೆ, ನಕಲಿಗೆ ಅದು ತಾಳೆಯಾಗುವುದಿಲ್ಲ. ತನ್ನದೇ ಚಲನೆಯನ್ನು ಹೊರಗಿನದು ಅಂದುಕೊಂಡು, ಸರಿಪಡಿಸಲು ಹೋಗಿ ಇನ್ನಷ್ಟು ತಿರುಗಿ, ಪಾಪ ಆ ನೊಣ ಸುತ್ತುತ್ತಲೇ ಇತ್ತು. ಕತ್ತಲಲ್ಲಿ ಬಿಟ್ಟರೆ ಸರಿಯಾಗೇ ನಡೆಯುತ್ತಿತ್ತು.

ಕಲ್ಪನೆಗೆ ಕೈಕಾಲು ಆಡಬೇಕಿಲ್ಲ. ಅಲ್ಲಿ ಇನ್ನೊಂದು ಲೆಕ್ಕವಿದೆ. ನೆನಪಿನಲ್ಲಿರುವುದು ನಿಜವಾಗಿ ನಡೆದದ್ದೋ, ಸುಮ್ನೆ ಊಹಿಸಿದ್ದೋ ಎಂದು ಮನಸ್ಸು ಹೇಗೆ ತಿಳಿಯುತ್ತದೆ? 1981ರಲ್ಲಿ ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರಲ್ ರೇ ಎಂಬ ಮನೋವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಕಂಡದ್ದರಲ್ಲಿ ಬಣ್ಣ, ಆಕಾರ, ಜಾಗದ ವಿವರ ಜಾಸ್ತಿ. ಊಹಿಸಿದ್ದರಲ್ಲಿ ಮನಸ್ಸು ಪಟ್ಟ ಶ್ರಮದ ಗುರುತು ಜಾಸ್ತಿ. ಈಗ ನಮ್ಮ ಕಲಾವಿದೆಯನ್ನು ನೋಡಿ. ವರ್ಷಗಟ್ಟಲೆ ಅದೇ ಮುಖಗಳನ್ನು ಬರೆದು ಅವಳ ಕಲ್ಪನೆ ವಿವರಗಳಿಂದ ತುಂಬಿಹೋಗಿದೆ, ಶ್ರಮವೋ ಅಭ್ಯಾಸದಲ್ಲಿ ಸವೆದುಹೋಗಿದೆ. ಮುಖ ತಾನಾಗೇ ಬಂತು ಅನ್ನಿಸದೆ ಇನ್ನೇನು? ಕಲಾವಿದೆಯ ಮಟ್ಟಿಗೆ ಇದು ನನ್ನ ಊಹೆ, ಆದರೆ ಲೇಖಕರಲ್ಲಿ ಇಂಥದ್ದು ಅಪರೂಪವೇನಲ್ಲ. ಎಡಿನ್‌ಬರೋ ಪುಸ್ತಕೋತ್ಸವಕ್ಕೆ ಬಂದಿದ್ದ 181 ಲೇಖಕರನ್ನು ಡರ್ಹಮ್ ವಿಶ್ವವಿದ್ಯಾಲಯದವರು ವಿಚಾರಿಸಿದಾಗ ಶೇ. 63 ಮಂದಿ ಪಾತ್ರಗಳ ದನಿ ಕೇಳಿಸುತ್ತದೆ ಎಂದರು. ಪಾತ್ರಗಳು ತಮ್ಮಿಷ್ಟದಂತೆ ನಡೆಯುತ್ತವೆ ಎಂದವರು ಶೇ. 61. ಇವರೆಲ್ಲ ಹಾಯಾಗಿ ಪುಸ್ತಕ ಬರೆದುಕೊಂಡಿರುವವರು.

ಹಾಗಂತ ಕಾಯಿಲೆಯೇ ಇಲ್ಲ ಅಂತಲ್ಲ. ನರವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಅವರ ತಂಡ 2000ದಲ್ಲಿ ಕಚಗುಳಿಯನ್ನೇ ಇಟ್ಟುಕೊಂಡು ಪರೀಕ್ಷಿಸಿತು. ಇಲ್ಲದ ದನಿ ಕೇಳಿಸುವ ಅಥವಾ ತಮ್ಮನ್ನು ಬೇರೆ ಯಾರೋ ಆಡಿಸುತ್ತಿದ್ದಾರೆ ಅನ್ನಿಸುವ ರೋಗಿಗಳಿಗೆ ತಮ್ಮ ಕೈಯ ಕಚಗುಳಿಗೂ ಬೇರೆಯವರ ಕಚಗುಳಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ಅಂಥವರನ್ನು ಮನೋವೈದ್ಯರ ಬದಲು ಮಂತ್ರ ಹಾಕುವವರ ಹತ್ತಿರ ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.