ಒಂದೇ ಎಳೆಯಲ್ಲಿ ಎರಡು ಬೆಳಕು

ಮೈಸೂರಿನಿಂದ ಮಂಡ್ಯದ ಮೇಲೆ ಬೆಂಗಳೂರಿಗೆ ಹೋಗುವ ಫೈಬರ್ 145 ಕಿ.ಮೀ. ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 0.2 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿಗೆ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ) ನಷ್ಟವೆಂದರೂ ಒಟ್ಟು 29 ಡಿಬಿ. ಇಲ್ಲಿ ಬಿಟ್ಟ ಸುಮಾರು 800 ಫೋಟಾನ್‌ಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಅಲ್ಲಿಗೆ ಮುಟ್ಟುವುದು ಒಂದೇ. ಮಾಮೂಲಿ ಇಂಟರ್ನೆಟ್ಟಿಗೆ ಇದು ತಲೆನೋವೇ ಅಲ್ಲ, ದಾರಿಯಲ್ಲೊಂದು ಆಂಪ್ಲಿಫೈಯರ್ ಕೂರಿಸಿದರೆ ಆಯಿತು. ಸಂದೇಶಕ್ಕೆ ಬೀಗ ಹಾಕುವ ಗುಟ್ಟಿನ ಕೀಲಿಯನ್ನು ಒಂದೊಂದೇ ಫೋಟಾನಿನಲ್ಲಿ ಕಳಿಸುವ ಕ್ವಾಂಟಂ ಸಂಕೇತಕ್ಕೆ ಆ ಭಾಗ್ಯವಿಲ್ಲ. ಬೆಳಕು ಹಿಗ್ಗಿಸುವುದೆಂದರೆ ಅದನ್ನು ನಕಲು ಮಾಡಿದಂತೆ, ಆದರೆ ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದೆಂದು 1982ರಲ್ಲೇ ಸಾಬೀತಾಗಿದೆ. ನಡುವೆ ಕದಿಯುವವನು ಸಿಕ್ಕಿಬೀಳುವುದೂ ಇದೇ ಕಾರಣಕ್ಕೆ.

1984ರಲ್ಲಿ ವಿಜ್ಞಾನಿಗಳಾದ ಬೆನೆಟ್ ಮತ್ತು ಬ್ರಸಾರ್ಡ್ ಮುಂದಿಟ್ಟ ಕೀಲಿ ಹಂಚುವ ವಿಧಾನಕ್ಕೆ ಮೊದಲ ದಿನದಿಂದಲೂ ಮಾಮೂಲಿ ಜಾಲ ಬೇಕೇ ಬೇಕು. ಯಾವ ಫೋಟಾನನ್ನು ಯಾವ ಕೋನದಲ್ಲಿ ಅಳೆದೆವು ಎಂಬ ಮಾತುಕತೆ ಅದರ ಮೇಲೇ ನಡೆಯಬೇಕು. ಕೋನ ಹೊಂದದ ಸುಮಾರು ಅರ್ಧ ಬಿಟ್‌ಗಳು ಅಲ್ಲಿ ಉದುರುತ್ತವೆ. ಉಳಿದವುಗಳಲ್ಲಿ ತಪ್ಪು ಸುಮಾರು 11% ದಾಟಿದರೆ ಕೀಲಿಯನ್ನೇ ಎಸೆಯಬೇಕು.

ಆದರೆ ಕ್ವಾಂಟಂ ಬೆಳಕು, ಮಾಮೂಲಿ ಡೇಟಾ ಎರಡಕ್ಕೂ ಫೈಬರಿನ ಒಂದೇ ಎಳೆ ಸಾಕೇ? 1997ರಲ್ಲಿ ಬ್ರಿಟನ್ನಿನ ಪಾಲ್ ಟೌನ್ಸೆಂಡ್ ಸಾಧ್ಯವೆಂದು ತೋರಿಸಿದರು: ಕ್ವಾಂಟಂ ಬೆಳಕಿನ ತರಂಗಾಂತರ 1300 ನ್ಯಾನೋಮೀಟರ್ ಬಳಿ, ಡೇಟಾದ್ದು 1550ರ ಬಳಿ. ಕಷ್ಟ ಇರುವುದು ಎರಡರ ಬಲದ ಅನುಪಾತದಲ್ಲಿ. ಬರೀ 1 ಮಿಲಿವಾಟ್ ಡೇಟಾ ಬೆಳಕೆಂದರೆ ಸೆಕೆಂಡಿಗೆ 8ರ ಮುಂದೆ 15 ಸೊನ್ನೆಯಷ್ಟು ಫೋಟಾನ್‌ಗಳು. ಅವುಗಳಲ್ಲಿ ಕೆಲವು ಗಾಜಿನಲ್ಲಿ ಚದುರಿ ಬಣ್ಣ ಬದಲಿಸುತ್ತವೆ. ಸಿ.ವಿ. ರಾಮನ್ 1928ರಲ್ಲಿ ಕಂಡದ್ದು ಇದನ್ನೇ! ಚದುರಿದ ಬೆಳಕಿನ ತರಂಗಾಂತರ ಕ್ವಾಂಟಂ ಬೆಳಕಿನದ್ದೇ ಆಗಿಬಿಟ್ಟರೆ ಯಾವ ಫಿಲ್ಟರೂ ಬೇರ್ಪಡಿಸಲಾರದು. ಗಿಡ್ಡ ತರಂಗಾಂತರದ ಕಡೆ ಈ ಚದುರುವಿಕೆ ಕಡಿಮೆ, ಅದಕ್ಕೇ ಕ್ವಾಂಟಂ ಅನ್ನು ಅತ್ತ ತಳ್ಳುವುದು. ಜೊತೆಗೆ ಡೇಟಾ ಲೇಸರಿನ ಬಲ ತಗ್ಗಿಸಿ, ಡಿಟೆಕ್ಟರ್ ಅನ್ನು ಫೋಟಾನ್ ಬರುವ ಕ್ಷಣಕ್ಕಷ್ಟೇ ತೆರೆಯುತ್ತಾರೆ. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಸೆಕೆಂಡಿಗೆ 400 ಗಿಗಾಬಿಟ್ ಡೇಟಾ ಓಡುತ್ತಿದ್ದ 30 ಕಿ.ಮೀ. ಫೈಬರಿನಲ್ಲೇ, 1290 ನ್ಯಾನೋಮೀಟರಿನಲ್ಲಿ, ಟೆಲಿಪೋರ್ಟೇಶನ್ (ಒಂದು ಫೋಟಾನಿನ ಸ್ಥಿತಿಯನ್ನು, ಆ ಫೋಟಾನನ್ನೇ ಕಳಿಸದೆ, ದೂರದ ಇನ್ನೊಂದಕ್ಕೆ ದಾಟಿಸುವುದು) ಮಾಡಿ ತೋರಿಸಿದರು.

ಕ್ವಾಂಟಂ ಅನ್ನು 1300ರ ಕಡೆ ತಳ್ಳುವ ಈ ಉಪಾಯ ನಮ್ಮ ಮನೆಯ ಫೈಬರಿಗೆ ಹೊಂದುವುದಿಲ್ಲ. ಗೋಡೆಯ ಮೇಲಿನ ಪೆಟ್ಟಿಗೆ ಅಪ್‌ಲೋಡ್ ಮಾಡುವುದೇ 1310ರಲ್ಲಿ. ಮೇಲಾಗಿ 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ 15 ಡಿಬಿಗೂ ಹೆಚ್ಚು ನುಂಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗಾದರೆ ಪರವಾಗಿಲ್ಲ. ಅಲ್ಲೂ ಆಂಪ್ಲಿಫೈಯರ್ ಇದ್ದ ಕಡೆ ಕ್ವಾಂಟಂ ಬೆಳಕನ್ನು ಮೊದಲೇ ಹೊರಗೆಳೆದು, ಆಚೆ ಮತ್ತೆ ಸೇರಿಸಬೇಕು.

ದೂರದ ಪ್ರಶ್ನೆಗೆ ಈಗಿರುವ ಉತ್ತರ ನಡುವಿನ ಠಾಣೆ: ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಕೀಲಿ ಹಂಚುವ ಜಾಗ. ಬೀಜಿಂಗ್–ಶಾಂಘೈ ನಡುವೆ 2017ರಲ್ಲಿ ಶುರುವಾದ 2,000 ಕಿ.ಮೀ. ಸಾಲಿನಲ್ಲಿ ಇಂಥವು 32 ಇವೆ. 2023ರಲ್ಲಿ ಒಪ್ಪಿಗೆ ಪಡೆದ ನಮ್ಮ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಗುರಿಯೂ ಊರಿಂದೂರಿಗೆ 2,000 ಕಿ.ಮೀ. ಮಂಡ್ಯದಲ್ಲೊಂದು ಠಾಣೆ ಇಟ್ಟರೆ ಮೈಸೂರಿನ ಕಡೆ 45 ಕಿ.ಮೀ., ಅಂದರೆ ಅದೇ 0.2ರ ಲೆಕ್ಕದಲ್ಲಿ 9 ಡಿಬಿ. ಬೆಂಗಳೂರಿನ ಕಡೆ 100 ಕಿ.ಮೀ., 20 ಡಿಬಿ. ಎಂಟಕ್ಕೊಂದು, ನೂರಕ್ಕೊಂದು ಫೋಟಾನ್, ನಿಭಾಯಿಸಬಹುದು. ಆದರೆ ಎರಡೂ ಕಡೆಯ ಕೀಲಿಗಳು ಆ ಕೋಣೆಯ ಯಂತ್ರದೊಳಗೆ ಬಿಚ್ಚಿಟ್ಟ ಸ್ಥಿತಿಯಲ್ಲಿರುತ್ತವೆ. ಕ್ವಾಂಟಂ ನಿಯಮ ಆ ಯಂತ್ರವನ್ನು ಕಾಯುವುದಿಲ್ಲ, ಬಾಗಿಲಿನ ಬೀಗ ಕಾಯಬೇಕು.